ಅಡ್ಮಿನ್ ಯಾರಾಗಬೇಕು, ತಜ್ಞರ ಮಾತಿಗೆ ಎಷ್ಟು ತೂಕ?

ಆನ್‌ಲೈನ್ ಗುಂಪಿನಲ್ಲಿ ಜಗಳ ಜಾಸ್ತಿ ಆದಾಗ ಯಾರಾದರೊಬ್ಬರು ಈ ಮಾತು ಹೇಳಿಯೇ ಹೇಳುತ್ತಾರೆ: "ವಿಷಯ ಗೊತ್ತಿರೋರನ್ನ ಅಡ್ಮಿನ್ ಮಾಡಿ, ಎಲ್ಲ ಸರಿಹೋಗುತ್ತೆ." ಔಷಧಿಯ ಚರ್ಚೆಗೆ ಡಾಕ್ಟರು, ಇತಿಹಾಸಕ್ಕೆ ಪ್ರೊಫೆಸರು, ವ್ಯಾಕರಣದ ಜಗಳಕ್ಕೆ ಕನ್ನಡ ಮೇಷ್ಟ್ರು. ಕೇಳೋಕೆ ಚೆನ್ನಾಗಿದೆ. ನನಗೆ ಮಾತ್ರ ಇದನ್ನು ಕೇಳಿದಾಗಲೆಲ್ಲ ವಿಕಿಪೀಡಿಯದ ಎಸ್‌ಜೇ ನೆನಪಾಗುತ್ತಾನೆ.

2006ರ ಜುಲೈನಲ್ಲಿ ಅಮೆರಿಕದ ನ್ಯೂಯಾರ್ಕರ್ ಪತ್ರಿಕೆ ವಿಕಿಪೀಡಿಯದ ಬಗ್ಗೆ ಒಂದು ದೊಡ್ಡ ಲೇಖನ ಹಾಕಿತು. ಅದರಲ್ಲಿ ಎಸ್‌ಜೇ ಎಂಬ ಹೆಸರಿನಲ್ಲಿ ಕೆಲಸ ಮಾಡುವ ಒಬ್ಬ ಅಡ್ಮಿನ್ ಬಗ್ಗೆ ಬರೆದಿದ್ದರು. ಖಾಸಗಿ ವಿಶ್ವವಿದ್ಯಾಲಯವೊಂದರಲ್ಲಿ ಧರ್ಮದ ವಿಷಯ ಕಲಿಸುವ ಕಾಯಂ ಪ್ರೊಫೆಸರ್, ಪಿಎಚ್‌ಡಿ ಇದೆ, ಚರ್ಚಿನ ಕಾನೂನಿನಲ್ಲೂ ಪದವಿ ಇದೆ ಅಂತ. ಮುಂದಿನ ವರ್ಷದ ಆರಂಭದಲ್ಲಿ ನಿಜ ಹೊರಬಿತ್ತು. ಆತನಿಗೆ 24 ವರ್ಷ. ಪ್ರೊಫೆಸರೂ ಅಲ್ಲ, ಪಿಎಚ್‌ಡಿಯೂ ಇಲ್ಲ. ಅಷ್ಟು ಹೊತ್ತಿಗೆ ಆತ ವಿಕಿಪೀಡಿಯದ ಅತಿ ದೊಡ್ಡ ಪಂಚಾಯ್ತಿಯಾದ ಆರ್ಬಿಟ್ರೇಶನ್ ಕಮಿಟಿಗೂ ನೇಮಕ ಆಗಿಬಿಟ್ಟಿದ್ದ. ಸಂಸ್ಥಾಪಕ ಜಿಮ್ಮಿ ವೇಲ್ಸ್ ಮೊದಲು ಇದನ್ನು ಹಗುರವಾಗಿ ತಗೊಂಡರು, ಅದೊಂದು ಗುಪ್ತನಾಮ ಅಷ್ಟೇ ಅನ್ನುವ ಹಾಗೆ ಮಾತಾಡಿದರು. ಗಲಾಟೆ ಜೋರಾದ ಮೇಲೆ ರಾಜೀನಾಮೆ ಕೇಳಿದರು. ಎಸ್‌ಜೇ 2007ರ ಮಾರ್ಚ್‌ನಲ್ಲಿ ಹೊರಟುಹೋದ.

ಇಲ್ಲಿಯವರೆಗಿನದು ಬಹಳ ಜನಕ್ಕೆ ಗೊತ್ತಿರುವ ಕತೆ. ನನಗೆ ಇದರಲ್ಲಿ ಕುತೂಹಲ ಇರುವುದು ಬೇರೆ ಜಾಗದಲ್ಲಿ. ಆತ ಅಡ್ಮಿನ್ ಆಗಿ ಕೆಟ್ಟ ಕೆಲಸ ಮಾಡುತ್ತಿರಲಿಲ್ಲ. ಜಗಳ ಬಿಡಿಸುತ್ತಿದ್ದ, ಕಿಡಿಗೇಡಿಗಳನ್ನು ತಡೆಯುತ್ತಿದ್ದ, ತಾಳ್ಮೆಯಿಂದ ಉತ್ತರ ಕೊಡುತ್ತಿದ್ದ. ಜನ ನಂಬಿದ್ದು ಅದನ್ನು ನೋಡಿ. ಆ ಕೆಲಸಕ್ಕೆ ಪಿಎಚ್‌ಡಿ ಬೇಕಾಗಿಯೇ ಇರಲಿಲ್ಲ. ಸುಳ್ಳು ಪದವಿ ಕೆಲಸಕ್ಕೆ ಬಂದದ್ದು ಲೇಖನದಲ್ಲಿ ಏನಿರಬೇಕು ಎಂಬ ವಾದದಲ್ಲಿ. ಕ್ಯಾಥೊಲಿಕ್ ವಿಷಯದ ಒಂದು ಚರ್ಚೆಯಲ್ಲಿ ಆತ, ವಿಷಯ ಏನೂ ಗೊತ್ತಿಲ್ಲದವರಿಗಾಗಿ ಬರೆಯುವ 'ಫಾರ್ ಡಮ್ಮೀಸ್' ಸರಣಿಯ ಪುಸ್ತಕವೊಂದನ್ನು ಆಧಾರವಾಗಿ ಕೊಟ್ಟ. ಇದನ್ನು ನನ್ನ ವಿದ್ಯಾರ್ಥಿಗಳಿಗೂ ಓದಿಸುತ್ತೇನೆ, ಬೇಕಾದರೆ ನನ್ನ ಪಿಎಚ್‌ಡಿಯನ್ನೇ ಇದರ ಮೇಲೆ ಪಣಕ್ಕಿಡುತ್ತೇನೆ ಎಂಬರ್ಥದಲ್ಲಿ ಬರೆದ. ಎದುರಿಗೆ ಇದ್ದವರು ಏನು ಹೇಳಬೇಕು? ಪ್ರೊಫೆಸರ್ ಹೇಳಿದ ಮೇಲೆ ಮುಗೀತು ಅಲ್ವಾ.

ಪುಸ್ತಕದ ಯಾವ ಪುಟದಲ್ಲಿ ಏನಿದೆ ಅಂತ ಆತ ತೋರಿಸಿದ್ದರೆ ಆತನಿಗೆ ಪಿಎಚ್‌ಡಿ ಇದೆಯೋ ಇಲ್ಲವೋ ಯಾರಿಗೂ ಬೇಕಾಗುತ್ತಿರಲಿಲ್ಲ. ವೇಲ್ಸ್ ಆಮೇಲೆ ಒಂದು ಸಲಹೆ ಕೊಟ್ಟರು, ಪದವಿ ಇದೆ ಅನ್ನುವವರ ಪದವಿಯನ್ನು ಪರಿಶೀಲಿಸುವ ವ್ಯವಸ್ಥೆ ಮಾಡೋಣ ಅಂತ. ಸಮುದಾಯ ಅದನ್ನು ಒಪ್ಪಲಿಲ್ಲ. ಸರಿಯಾಗಿಯೇ ಮಾಡಿದರು ಅನ್ನುವುದು ನನ್ನ ಅಭಿಪ್ರಾಯ, ಯಾಕೆಂದರೆ ಪದವಿ ಅಸಲಿಯೇ ಆಗಿದ್ದರೂ ಆ ವಾದ ಅಷ್ಟೇ ದುರ್ಬಲವಾಗಿರುತ್ತಿತ್ತು. ಸರ್ಟಿಫಿಕೇಟು ಅಸಲಿಯಾದರೆ ಪುಸ್ತಕ ಒಳ್ಳೆಯದಾಗಿಬಿಡುತ್ತದೆಯೇ?

ಅಡ್ಮಿನ್ ಕೆಲಸ ಬೇರೆ, ತಜ್ಞರ ಕೆಲಸ ಬೇರೆ. ಒಬ್ಬರಲ್ಲೇ ಎರಡೂ ಇರಬಹುದು, ಆದರೆ ಒಂದೇ ಜಗಳದಲ್ಲಿ ಎರಡೂ ಟೋಪಿ ಹಾಕಬಾರದು. ಇದಕ್ಕೆ ವಿಲಿಯಂ ಕಾನಲಿ ಅವರ ಉದಾಹರಣೆ ಎಸ್‌ಜೇಗಿಂತ ಗಟ್ಟಿ. ಕಾನಲಿ ನಿಜವಾದ ವಿಜ್ಞಾನಿ, ಬ್ರಿಟಿಷ್ ಅಂಟಾರ್ಕ್ಟಿಕ್ ಸರ್ವೆಯಲ್ಲಿ ಹವಾಮಾನದ ಮಾಡೆಲಿಂಗ್ ಮಾಡಿದವರು. ಹವಾಮಾನ ಬದಲಾವಣೆಯ ಪುಟಗಳಲ್ಲಿ ಅರೆಬರೆ ತಿಳಿದವರ ಜೊತೆ ವರ್ಷಗಟ್ಟಲೆ ಗುದ್ದಾಡಿದರು. ವಿಷಯದಲ್ಲಿ ಅವರ ಕಡೆಗೇ ನ್ಯಾಯ ಇತ್ತು. ಆದರೂ 2009ರಲ್ಲಿ ಅವರ ಅಡ್ಮಿನ್ ಅಧಿಕಾರ ಹೋಯಿತು, ತಾವೇ ಭಾಗಿಯಾಗಿದ್ದ ವಿವಾದದಲ್ಲಿ ಅಡ್ಮಿನ್ ಅಧಿಕಾರ ಬಳಸಿದರು ಅನ್ನುವ ಕಾರಣಕ್ಕೆ. ಅಲ್ಲಿಯ ನಿಯಮ ಸರಳ: ನೀನು ವಾದಕ್ಕೆ ಇಳಿದ ಮೇಲೆ ಆ ವಾದದಲ್ಲಿ ಬ್ಲಾಕ್ ಮಾಡುವ ಗುಂಡಿ ಮುಟ್ಟಬೇಡ, ಬೇರೆ ಅಡ್ಮಿನ್‌ಗೆ ಹೇಳು. ಇದನ್ನು ಓದಿ ಸಿಟ್ಟಾಗುವ ಸ್ನೇಹಿತರು ನನಗಿದ್ದಾರೆ. ವಿಜ್ಞಾನಿಯ ಕೈ ಕಟ್ಟಿಹಾಕಿ ಕಿಡಿಗೇಡಿಗಳಿಗೆ ಮೈದಾನ ಬಿಟ್ಟುಕೊಟ್ಟ ಹಾಗಾಯಿತು ಅಂತ. ಅವರ ಸಿಟ್ಟು ಅರ್ಥ ಆಗುತ್ತದೆ. ಆದರೆ ಸರಿ ಇರುವವರಿಗೆ ಮಾತ್ರ ಆ ಗುಂಡಿ ಅನ್ನುವುದಾದರೆ, ಯಾರು ಸರಿ ಅಂತ ಹೇಳುವವರು ಯಾರು? ಮತ್ತೆ ಅಡ್ಮಿನ್ನೇ. ಸುತ್ತಿ ಅಲ್ಲಿಗೇ ಬಂದೆವು.

ತಜ್ಞರ ಕೈಗೇ ಎಲ್ಲ ಕೊಟ್ಟು ನೋಡಿದ್ದೂ ಆಗಿದೆ. ವಿಕಿಪೀಡಿಯಕ್ಕಿಂತ ಮೊದಲು, 2000ದಲ್ಲಿ, ವೇಲ್ಸ್ ಮತ್ತು ಲ್ಯಾರಿ ಸ್ಯಾಂಗರ್ ಸೇರಿ ನ್ಯೂಪೀಡಿಯ ಶುರು ಮಾಡಿದ್ದರು. ಪಿಎಚ್‌ಡಿ ಇರುವ ಸಂಪಾದಕರು, ಏಳು ಹಂತದ ಪರಿಶೀಲನೆ. 2003ರಲ್ಲಿ ಮುಚ್ಚುವ ಹೊತ್ತಿಗೆ ಪೂರ್ತಿಯಾದ ಲೇಖನಗಳು ಎರಡು ಡಜನ್‌ನಷ್ಟು. ಸ್ಯಾಂಗರ್ ಆಮೇಲೆ ಸಿಟಿಜೆಂಡಿಯಂ ಅಂತ ಇನ್ನೊಂದನ್ನು 2007ರಲ್ಲಿ ತೆರೆದರು. ಅಲ್ಲಿ ಎಲ್ಲರೂ ಸ್ವಂತ ಹೆಸರಲ್ಲೇ ಬರೆಯಬೇಕಿತ್ತು, ಲೇಖನಕ್ಕೆ ಒಪ್ಪಿಗೆ ಕೊಡುತ್ತಿದ್ದವರು ಆಯಾ ವಿಷಯದ ತಜ್ಞರು. ಅದೂ ಬೆಳೆಯಲಿಲ್ಲ. ಅಲ್ಲಿ ನಡೆದ ಒಂದು ಸಂಗತಿ ಮಾತ್ರ ಗಮನಿಸಬೇಕಾದದ್ದು. ಹೋಮಿಯೋಪತಿಯ ಲೇಖನ ಹೋಮಿಯೋಪತಿಯ ಪರವಾಗಿಯೇ ವಾಲಿದೆ ಎಂಬ ಟೀಕೆ ಬಂತು. ಬರದೆ ಏನಾಗುತ್ತದೆ? ಹೋಮಿಯೋಪತಿಗೆ ತಜ್ಞರು ಯಾರು? ಮೂವತ್ತು ವರ್ಷ ಆ ಗುಳಿಗೆ ಕೊಟ್ಟವರೇ, ಅಥವಾ ಆ ಗುಳಿಗೆಯಲ್ಲಿ ಔಷಧಿ ಉಳಿದಿದೆಯೇ ಅಂತ ಪರೀಕ್ಷೆ ಮಾಡಿದವರೇ? ಇಬ್ಬರೂ ತಜ್ಞರೇ, ಆದರೆ ಬೇರೆ ಬೇರೆ ಪ್ರಶ್ನೆಗೆ. ಹೋಮಿಯೋಪತಿಯಲ್ಲಿ ಏನು ಮಾಡುತ್ತಾರೆ ಅಂತ ಕೇಳಿದರೆ ಮೊದಲನೆಯವರನ್ನು ನಂಬುತ್ತೇನೆ. ಅದು ಕೆಲಸ ಮಾಡುತ್ತದೆಯೇ ಅಂದರೆ ಎರಡನೆಯವರನ್ನು.

ನಮ್ಮ ದೇಶದಲ್ಲಿ ಇದು ಕೋರ್ಟಿನ ಮೆಟ್ಟಿಲು ಹತ್ತಿತು. ಇಂಗ್ಲಿಷ್ ವಿಕಿಪೀಡಿಯ ಆಯುರ್ವೇದವನ್ನು ಹುಸಿ ವಿಜ್ಞಾನ ಅಂತ ಕರೆದಿದೆ, ಅದನ್ನು ತೆಗೆಸಿ ಅಂತ ಆಯುರ್ವೇದ ಔಷಧಿ ತಯಾರಕರ ಒಂದು ಸಂಘ ಸುಪ್ರೀಂ ಕೋರ್ಟಿಗೆ ಹೋಯಿತು. 2022ರ ಅಕ್ಟೋಬರ್‌ನಲ್ಲಿ ಕೋರ್ಟ್ ಅರ್ಜಿ ವಿಚಾರಣೆಗೆ ತಗೊಳ್ಳಲಿಲ್ಲ, ವಿಕಿಪೀಡಿಯದ ಲೇಖನವನ್ನು ನೀವೇ ತಿದ್ದಬಹುದಲ್ಲ ಅಂದಿತು. ಅಷ್ಟು ಸುಲಭ ಅಲ್ಲ ಅನ್ನುವುದು ಒಮ್ಮೆ ಆ ಪುಟದ ಚರ್ಚೆಗೆ ಹೋಗಿ ನೋಡಿದವರಿಗೆ ಗೊತ್ತು. ಆದರೂ ನ್ಯಾಯಾಧೀಶರು ತಜ್ಞರ ತೂಕ ಹಾಕುವ ಕೆಲಸವನ್ನು ತಮ್ಮ ತಲೆಗೆ ಹಾಕಿಕೊಳ್ಳಲಿಲ್ಲವಲ್ಲ, ಅದು ನನಗೆ ಸರಿ ಅನ್ನಿಸಿತು. ಔಷಧಿ ಮಾರುವವರ ಸಂಘ ಔಷಧಿಯ ಬಗ್ಗೆ ಏನು ಹೇಳುತ್ತದೆ ಎಂಬುದಕ್ಕೆ ತೂಕ ಹಾಕುವಾಗ ಮಾರಾಟವನ್ನೂ ತಕ್ಕಡಿಯಲ್ಲಿ ಇಡಬೇಕು. ಅಲೋಪತಿ ಕಂಪನಿಗಳಿಗೂ ಇದೇ ಮಾತು.

ಈಗ ಇನ್ನೊಂದು ಕಡೆಯಿಂದ ನೋಡೋಣ. ಒಬ್ಬರೇ ತಜ್ಞರು, ಅವರ ಮಾತೇ ಸರಿ, ಆದರೆ ಉಳಿದ ಪುಸ್ತಕಗಳೆಲ್ಲ ಬೇರೆ ಹೇಳುತ್ತವೆ. ಆಗ?

1886ರ ಮೇ 4ರಂದು ಷಿಕಾಗೋದ ಹೇಮಾರ್ಕೆಟ್‌ನಲ್ಲಿ ಕಾರ್ಮಿಕರ ಸಭೆ ಮುಗಿಯುವ ಹೊತ್ತಿಗೆ ಪೊಲೀಸರ ಮೇಲೆ ಬಾಂಬ್ ಬಿತ್ತು. ಮೇ ದಿನಾಚರಣೆಯ ಹಿಂದಿನ ಕತೆ ಇದೇ. ಎಂಟು ಜನರ ವಿಚಾರಣೆ ಆಯಿತು. 1887ರಲ್ಲಿ ನಾಲ್ವರನ್ನು ಗಲ್ಲಿಗೇರಿಸಿದರು. ಅವರ ವಿರುದ್ಧ ಸಾಕ್ಷ್ಯವೇ ಇರಲಿಲ್ಲ ಅಂತ ಬಹಳ ಪುಸ್ತಕಗಳು ಬರೆಯುತ್ತಾ ಬಂದಿದ್ದವು. ತಿಮೋತಿ ಮೆಸ್ಸರ್-ಕ್ರೂಸ್ ಅಂತ ಒಬ್ಬ ಇತಿಹಾಸದ ಪ್ರೊಫೆಸರ್ ಇದನ್ನೇ ಪಾಠ ಮಾಡುತ್ತಿದ್ದಾಗ ಒಬ್ಬ ವಿದ್ಯಾರ್ಥಿನಿ ಕೇಳಿದಳಂತೆ: ಆರು ವಾರ ವಿಚಾರಣೆ ನಡೆದು ಸಾಕ್ಷ್ಯವೇ ಇರಲಿಲ್ಲ ಅಂದರೆ, ಅಷ್ಟು ದಿನ ಅವರು ಏನು ಮಾತಾಡಿದರು? ಎಂಥಾ ಪ್ರಶ್ನೆ! ಅವರು ವರ್ಷಗಟ್ಟಲೆ ಕೂತು ವಿಚಾರಣೆಯ ದಾಖಲೆಗಳನ್ನು ಓದಿದರು. ನೂರಕ್ಕೂ ಹೆಚ್ಚು ಸಾಕ್ಷಿಗಳು, ಬಾಂಬಿನ ಲೋಹದ ರಾಸಾಯನಿಕ ಪರೀಕ್ಷೆ, ಎಲ್ಲ ಅಲ್ಲಿತ್ತು. ತೀರ್ಪು ಸರಿಯೋ ತಪ್ಪೋ, ಸಾಕ್ಷ್ಯ ಇರಲಿಲ್ಲ ಅನ್ನುವುದಂತೂ ತಪ್ಪು.

ವಿಕಿಪೀಡಿಯದಲ್ಲೂ ಸಾಕ್ಷ್ಯ ಇರಲಿಲ್ಲ ಅಂತಲೇ ಇದ್ದ ಸಾಲನ್ನು ಮೆಸ್ಸರ್-ಕ್ರೂಸ್ ತಿದ್ದಿದರು. ಕೆಲವೇ ನಿಮಿಷದಲ್ಲಿ ಯಾರೋ ಹಳೆಯದನ್ನೇ ವಾಪಸ್ ಹಾಕಿದರು. ಮೂಲ ದಾಖಲೆ ತೋರಿಸಿದರೆ, ಮೂಲ ದಾಖಲೆ ಸಾಲದು, ಇತಿಹಾಸಕಾರರು ಬರೆದ ಪುಸ್ತಕ ಬೇಕು ಅಂದರು. 2011ರಲ್ಲಿ ಅವರದೇ ಪುಸ್ತಕ ಬಂತು. ಮತ್ತೆ ಹೋದರು. ಒಬ್ಬರ ಅಭಿಪ್ರಾಯಕ್ಕೆ ಅಷ್ಟು ತೂಕ ಕೊಡೋಕಾಗಲ್ಲ ಅಂದರು. ಒಬ್ಬರನ್ನು ಬಿಟ್ಟು ಉಳಿದ ಇತಿಹಾಸಕಾರರೆಲ್ಲ 1888ರಲ್ಲಿ ಆಕಾಶ ಹಸಿರಾಗಿತ್ತು ಅಂದರೆ, ಹೆಚ್ಚಿನವರು ಹಸಿರು ಅನ್ನುತ್ತಾರೆ, ಒಬ್ಬರು ನೀಲಿ ಅನ್ನುತ್ತಾರೆ ಅಂತಲೇ ನಾವು ಬರೆಯಬೇಕು ಎಂದು ಒಬ್ಬ ಸಂಪಾದಕ ಅವರಿಗೆ ಪಾಠವನ್ನೂ ಮಾಡಿದ. ಅವರು 2012ರಲ್ಲಿ ಇದನ್ನೆಲ್ಲ ಅಮೆರಿಕದ ಉನ್ನತ ಶಿಕ್ಷಣದ ಪತ್ರಿಕೆಯೊಂದರಲ್ಲಿ ಬರೆದ ಮೇಲೆ ಪುಟ ಬದಲಾಯಿತು.

ಇದನ್ನು ಓದಿದ ಯಾರಿಗಾದರೂ ಮೈ ಉರಿಯುತ್ತದೆ. ನನಗೂ ಉರಿದಿತ್ತು. ಆದರೆ ಹೆಚ್ಚಿನ ವಿದ್ವಾಂಸರು ಹೇಳಿದ್ದಕ್ಕೇ ತೂಕ ಕೊಡುವ ಅದೇ ನಿಯಮವನ್ನು ತೆಗೆದುಹಾಕಿ ನೋಡಿ. ತಾಜ್ ಮಹಲ್ ಮೊದಲು ಶಿವನ ದೇವಸ್ಥಾನ ಆಗಿತ್ತು ಅಂತ ಪಿ.ಎನ್. ಓಕ್ ಪುಸ್ತಕ ಬರೆದರು. 2000ದಲ್ಲಿ ಸುಪ್ರೀಂ ಕೋರ್ಟು ಅವರ ಅರ್ಜಿಯನ್ನು ವಜಾ ಮಾಡಿತು. ಇತಿಹಾಸಕಾರರು ಅವರ ಮಾತನ್ನು ಒಪ್ಪಿಲ್ಲ. ಓಕ್ ಹೇಳುತ್ತಿದ್ದದ್ದೂ ಅದೇ ಅಲ್ವಾ, ಎಲ್ಲರೂ ತಪ್ಪು, ನಾನೊಬ್ಬನೇ ದಾಖಲೆ ನೋಡಿದ್ದೇನೆ ಅಂತ. ಹೊರಗಿನಿಂದ ನೋಡುವ ಅಡ್ಮಿನ್‌ಗೆ ಮೆಸ್ಸರ್-ಕ್ರೂಸ್ ಮತ್ತು ಓಕ್ ಇಬ್ಬರೂ ಬಾಗಿಲ ಹೊರಗೆ ಒಂದೇ ಥರ ಕಾಣುತ್ತಾರೆ. ವಾಟ್ಸಾಪ್‌ನಲ್ಲಿ ದಿನಾ ಬೆಳಿಗ್ಗೆ ಬರುವ "ನಾಸಾ ಒಪ್ಪಿಕೊಂಡ ಸತ್ಯ"ಗಳೂ ಅದೇ ಬಾಗಿಲಿಗೇ ಬರುತ್ತವೆ. ತಲೆ ಎಣಿಸುವ ನಿಯಮ ಇಲ್ಲದಿದ್ದರೆ ಒಳಗೆ ಬರುವವರಲ್ಲಿ ಮೆಸ್ಸರ್-ಕ್ರೂಸ್ ಥರದವರು ಎಷ್ಟು, ಓಕ್ ಥರದವರು ಎಷ್ಟು? ಲೆಕ್ಕ ನೀವೇ ಹಾಕಿ.

ಹಾಗಂತ ಆ ಅಡ್ಮಿನ್‌ಗಳು ಮತ್ತು ಸಂಪಾದಕರು ಮೆಸ್ಸರ್-ಕ್ರೂಸ್‌ಗೆ ಮಾಡಿದ್ದು ಸರಿ ಅಂತಲ್ಲ. ಸಾಕ್ಷ್ಯ ಇರಲಿಲ್ಲ ಅನ್ನುವುದು ಅಭಿಪ್ರಾಯ ಅಲ್ಲ, ದಾಖಲೆ ತೆಗೆದು ನೋಡಿದರೆ ಗೊತ್ತಾಗುವ ವಿಷಯ. ಸಾಕ್ಷ್ಯ ಬಲವಾಗಿತ್ತೋ ದುರ್ಬಲವಾಗಿತ್ತೋ ಅನ್ನುವುದು ಅಭಿಪ್ರಾಯ, ಅಲ್ಲಿ ತಲೆ ಎಣಿಸಿ ಬೇಕಾದರೆ. ಈ ಎರಡನ್ನೂ ಒಂದೇ ಕೋಲಲ್ಲಿ ಅಳೆದದ್ದು ತಪ್ಪಾಯಿತು. ಓಕ್ ಅವರ ವಾದವನ್ನೂ ಹೀಗೆ ಬಿಡಿಸಿದರೆ ದಾಖಲೆಯ ಹತ್ತಿರವೇ ಕುಸಿದು ಬೀಳುತ್ತದೆ, ತಲೆ ಎಣಿಸುವ ತನಕ ಹೋಗುವುದೇ ಬೇಡ. ಅದಕ್ಕೆ ತಜ್ಞರಾಗಬೇಕಿಲ್ಲ. ಸ್ವಲ್ಪ ತಾಳ್ಮೆ, ಓದುವ ಅಭ್ಯಾಸ ಇದ್ದರೆ ಸಾಕು. ಎದುರಿಗಿರುವವರು ಯಾರು ಅಂತ ನೋಡದೆ "ಇದರಲ್ಲಿ ಯಾವ ಭಾಗವನ್ನು ನಾನೇ ಪರಿಶೀಲಿಸಬಹುದು?" ಅಂತ ಕೇಳಿಕೊಳ್ಳುವವರು ನನ್ನ ಲೆಕ್ಕದಲ್ಲಿ ಒಳ್ಳೆಯ ಅಡ್ಮಿನ್.

ಹಳೆಯದಾದಷ್ಟೂ ತೂಕ ಜಾಸ್ತಿ ಅನ್ನುವ ನಂಬಿಕೆ ನಮ್ಮವರಲ್ಲಿ ಬಹಳ. ಜಾತಿಗಳ ಬಗ್ಗೆ ಇಂಗ್ಲಿಷ್ ವಿಕಿಪೀಡಿಯದಲ್ಲಿ ನಡೆಯುವ ಜಗಳಗಳನ್ನು ಓದಿದರೆ ಇದು ಗೊತ್ತಾಗುತ್ತದೆ (ಓದಬೇಡಿ, ರಕ್ತದೊತ್ತಡ ಏರುತ್ತದೆ). ಮದ್ರಾಸ್ ಮ್ಯೂಸಿಯಂ ನೋಡಿಕೊಳ್ಳುತ್ತಿದ್ದ ಎಡ್ಗರ್ ಥರ್ಸ್ಟನ್ 1909ರಲ್ಲಿ ಕೆ. ರಂಗಾಚಾರಿಯವರ ನೆರವಿನಿಂದ ದಕ್ಷಿಣ ಭಾರತದ ಜಾತಿ, ಬುಡಕಟ್ಟುಗಳ ಮೇಲೆ ಏಳು ಸಂಪುಟ ತಂದರು. ಆಗ ಮಂಗಳೂರು, ಬಳ್ಳಾರಿ ಎಲ್ಲ ಮದ್ರಾಸ್ ಪ್ರಾಂತ್ಯದಲ್ಲೇ ಇದ್ದವು, ಹಾಗಾಗಿ ಬಂಟರು, ಬಿಲ್ಲವರ ಬಗ್ಗೆ ಜಗಳ ಬಂದರೂ ಥರ್ಸ್ಟನ್ ಹಾಜರ್. ಸರ್ಕಾರಿ ಪುಸ್ತಕ, ನೂರು ವರ್ಷ ಹಳೆಯದು, ಬಿಳಿಯ ಅಧಿಕಾರಿ ಬರೆದದ್ದು. ಇದಕ್ಕಿಂತ ಇನ್ನೇನು ಬೇಕು ಅನ್ನುತ್ತಾರೆ. ಆ ಕಾಲದ ಅಧಿಕಾರಿಗಳು ಮೂಗಿನ ಅಗಲ ಅಳೆದು ಜಾತಿ ತೀರ್ಮಾನ ಮಾಡುತ್ತಿದ್ದರು ಅನ್ನುವುದನ್ನು ಮರೆಯುತ್ತಾರೆ. 1901ರ ಜನಗಣತಿಯಲ್ಲಿ ಅದರ ಮುಖ್ಯ ಅಧಿಕಾರಿ ರಿಸ್ಲೆ ಸಾಹೇಬರು ಜಾತಿಗಳಿಗೆ ಮೇಲು ಕೀಳಿನ ಕ್ರಮವನ್ನೇ ಹಾಕಲು ಹೊರಟರು, ನಮ್ಮನ್ನು ಮೇಲೆ ಹಾಕಿ ಅಂತ ಜಾತಿ ಸಂಘಗಳು ಅರ್ಜಿ ಹಿಡಿದು ಓಡಾಡಿದವು. ಅಂಥ ಪುಸ್ತಕಗಳನ್ನು ನಂಬಬೇಡಿ, ಈಗಿನ ವಿದ್ವಾಂಸರ ಸಂಶೋಧನೆ ತನ್ನಿ ಅಂತ ಅಲ್ಲಿಯ ಸಂಪಾದಕರು ಒಂದು ಒಪ್ಪಂದಕ್ಕೆ ಬಂದಿದ್ದಾರೆ. ಈ ವಿಷಯದಲ್ಲಿ ಕಟ್ಟುನಿಟ್ಟಾಗಿರುವ ಅಡ್ಮಿನ್‌ಗಳಿಗೆ ಎಲ್ಲ ಜಾತಿಯವರಿಂದಲೂ ಸಮಾನವಾಗಿ ಬೈಗುಳ ಬೀಳುತ್ತದೆ. ಅದೊಂದು ಒಳ್ಳೆಯ ಲಕ್ಷಣ ಅಂತಲೇ ಇಟ್ಟುಕೊಂಡಿದ್ದೇನೆ.

ಇನ್ನು ಆರಿಸುವ ವಿಷಯ. ವಿಷಯಜ್ಞಾನ ಬೇಡ ಅಂದೆ. ಹಾಗಾದರೆ ಏನೂ ಗೊತ್ತಿಲ್ಲದವರೂ ನಡೆಯುತ್ತದಾ? ಇಲ್ಲ. ಸ್ಕಾಟ್ಲೆಂಡಿನ ಸ್ಕಾಟ್ಸ್ ಭಾಷೆಯ ವಿಕಿಪೀಡಿಯದಲ್ಲಿ ಏನಾಯಿತು ನೋಡಿ. 2020ರ ಆಗಸ್ಟ್‌ನಲ್ಲಿ ಒಬ್ಬರು ರೆಡಿಟ್ ಎಂಬ ಚರ್ಚೆಯ ತಾಣದಲ್ಲಿ ಬರೆದ ಮೇಲೆ ಜಗತ್ತಿಗೆ ಗೊತ್ತಾಯಿತು: ಅಲ್ಲಿಯ 20,000ಕ್ಕೂ ಹೆಚ್ಚು ಲೇಖನ ಬರೆದದ್ದು ಸ್ಕಾಟ್ಸ್ ಬಾರದ ಒಬ್ಬ ಅಮೆರಿಕನ್ ಹುಡುಗ. ಇಂಗ್ಲಿಷ್ ವಾಕ್ಯವನ್ನೇ ಇಟ್ಟುಕೊಂಡು ಆನ್‌ಲೈನ್ ನಿಘಂಟು ನೋಡಿ ಪದ ಬದಲಾಯಿಸುತ್ತಿದ್ದ. ಶುರು ಮಾಡಿದಾಗ ಹನ್ನೆರಡು ವರ್ಷ. ಕೆಟ್ಟ ಉದ್ದೇಶವೇನೂ ಇರಲಿಲ್ಲ. ಆತನೇ ಅಡ್ಮಿನ್ ಕೂಡ. ಹಾಳೂರಿಗೆ ಉಳಿದವನೇ ಗೌಡ ಅಂತಾರಲ್ಲ, ಹಾಗೆ. ಭಾಷೆ ಬಲ್ಲವರು ಯಾರೂ ಆ ಕಡೆ ತಲೆ ಹಾಕಿರಲಿಲ್ಲ. ಆಮೇಲೆ ಜನ ಆ ಹುಡುಗನ ಮೇಲೆ ಮುಗಿಬಿದ್ದದ್ದು ನೋಡಿದರೆ ಬೇಜಾರಾಗುತ್ತದೆ. ಏಳು ವರ್ಷ ಅತ್ತ ಸುಳಿಯದವರಿಗೆ ಆ ಹಕ್ಕು ಎಲ್ಲಿಂದ ಬಂತು?

ಕ್ರೊವೇಷಿಯನ್ ವಿಕಿಪೀಡಿಯದ್ದು ಇದಕ್ಕೆ ಉಲ್ಟಾ. ಭಾಷೆ ಬಲ್ಲವರೇ, ಓದಿದವರೇ, ಮತ ಹಾಕಿಸಿಕೊಂಡೇ ಅಡ್ಮಿನ್ ಆದವರು. ಒಂದು ಸಣ್ಣ ಗುಂಪು ಸುಮಾರು ಹತ್ತು ವರ್ಷ ಪೂರ್ತಿ ಹಿಡಿತ ಇಟ್ಟುಕೊಂಡು ಎರಡನೇ ಮಹಾಯುದ್ಧದ ಇತಿಹಾಸವನ್ನು ಉಗ್ರ ರಾಷ್ಟ್ರೀಯತೆಯ ಕಡೆಗೆ ತಿರುಚಿತು. ಯಾಸೆನೊವಾಟ್ಸ್‌ನ ಕಗ್ಗೊಲೆಯ ಶಿಬಿರವನ್ನು ಸಪ್ಪೆ ಮಾಡಿ ಬರೆದರು. 2013ರಲ್ಲಿ ಆ ದೇಶದ ಶಿಕ್ಷಣ ಸಚಿವರೇ ವಿದ್ಯಾರ್ಥಿಗಳಿಗೆ ಅದನ್ನು ಬಳಸಬೇಡಿ ಅಂದರು. ಆದರೂ ತೆಗೆಯಲು 2020ರ ತನಕ ಆಗಲಿಲ್ಲ. ಯಾಕೆಂದರೆ ಮತ ಹಾಕುವವರೂ ಅವರೇ, ನಕಲಿ ಖಾತೆಗಳೂ ಅವರವೇ, ವಿರೋಧಿಸಿದವರನ್ನು ಬ್ಲಾಕ್ ಮಾಡುವವರೂ ಅವರೇ. ಚುನಾವಣೆ ಇದೆ ಅನ್ನುವುದರಿಂದ ಏನೂ ಆಗುವುದಿಲ್ಲ, ಹೊರಗಿನಿಂದ ನೋಡುವ ಒಂದು ಕಣ್ಣು ಬೇಕು.

ಅದಕ್ಕೇ ನನಗೆ ಈಗೀಗ ಆರಿಸುವ ವಿಧಾನಕ್ಕಿಂತ ಇಳಿಸುವ ವಿಧಾನದ ಬಗ್ಗೆ ಆಸಕ್ತಿ ಜಾಸ್ತಿ. ಇಂಗ್ಲಿಷ್ ವಿಕಿಪೀಡಿಯದಲ್ಲಿ ಅಡ್ಮಿನ್ ಆಗುವುದೇನೂ ದೊಡ್ಡ ವಿಷಯ ಅಲ್ಲ ಅಂತ ವೇಲ್ಸ್ 2003ರಲ್ಲಿ ಬರೆದಿದ್ದರು. ಹೋಗ್ತಾ ಹೋಗ್ತಾ ಅದು ಒಂದು ವಾರದ ಅಗ್ನಿಪರೀಕ್ಷೆ ಆಯಿತು. ಎಲ್ಲರೂ ಸೇರಿ ಅಭ್ಯರ್ಥಿಯ ಹಳೆಯ ಜಗಳಗಳನ್ನೆಲ್ಲ ಅಗೆದು ತೆಗೆಯುವುದು. 2007ರಲ್ಲಿ 400ಕ್ಕೂ ಹೆಚ್ಚು ಜನ ಅಡ್ಮಿನ್ ಆದರೆ 2021ರಲ್ಲಿ ಹತ್ತು ಜನವೂ ಆಗಲಿಲ್ಲ. ಒಮ್ಮೆ ಕೊಟ್ಟರೆ ವಾಪಸ್ ತಗೊಳ್ಳುವುದು ಕಷ್ಟ ಅಂತ ಗೊತ್ತಿದ್ದದ್ದರಿಂದಲೇ ಕೊಡುವಾಗ ಅಷ್ಟೊಂದು ಭಯ. ಜರ್ಮನ್ನರು ಇದನ್ನು ಮೊದಲೇ ಅರ್ಥ ಮಾಡಿಕೊಂಡರು. ಅವರಲ್ಲಿ 2009ರಿಂದಲೇ, ಒಂದು ತಿಂಗಳಲ್ಲಿ 25 ಅಥವಾ ಆರು ತಿಂಗಳಲ್ಲಿ 50 ಅರ್ಹ ಸದಸ್ಯರು ಕೇಳಿದರೆ ಅಡ್ಮಿನ್ ಮತ್ತೆ ಮತಕ್ಕೆ ನಿಲ್ಲಬೇಕು. ಇಂಗ್ಲಿಷಿನವರು ಇಂಥದೊಂದು ನಿಯಮ ತಂದದ್ದು 2024ರಲ್ಲಿ, ಅದೇ ವರ್ಷ ಗುಪ್ತ ಮತದಾನವನ್ನೂ ಪ್ರಯೋಗ ಮಾಡಿದರು.

ನಮ್ಮ ಕಡೆ ಬಹುತೇಕ ಗುಂಪುಗಳಲ್ಲಿ ಆರಿಸುವುದೂ ಇಲ್ಲ, ಇಳಿಸುವುದೂ ಇಲ್ಲ. ಗುಂಪು ಮಾಡಿದವರೇ ಅಡ್ಮಿನ್. ನಮ್ಮ ಕುಟುಂಬದ ವಾಟ್ಸಾಪ್ ಗುಂಪಿಗೆ ಅಡ್ಮಿನ್ ಯಾರಪ್ಪಾ ಅಂದರೆ ಎಲ್ಲರಿಗಿಂತ ಮೊದಲು ಸ್ಮಾರ್ಟ್‌ಫೋನ್ ತಗೊಂಡ ಚಿಕ್ಕಪ್ಪ. ಅಲ್ಲಿ ಅದು ನಡೆಯುತ್ತದೆ, ಜಾಸ್ತಿ ಅಂದರೆ ಹೋಳಿಗೆಯ ಹೂರಣದ ಬಗ್ಗೆ ಜಗಳ. ಸಾವಿರಾರು ಜನ ಇರುವ ಕೃಷಿ ಗುಂಪು, ಆರೋಗ್ಯದ ಗುಂಪು, ಶಾಸನ, ಇತಿಹಾಸದ ಗುಂಪುಗಳಲ್ಲಿ ಇದು ನಡೆಯಬಾರದು. ಅಡಿಕೆಯ ಎಲೆಚುಕ್ಕಿ ರೋಗಕ್ಕೆ ಏನು ಹೊಡೆಯಬೇಕು ಅಂತ ಕೇಳಿದವರಿಗೆ ಔಷಧಿ ಅಂಗಡಿಯವರೇ ಅಡ್ಮಿನ್ ಆಗಿರುವ ಗುಂಪಿನಲ್ಲಿ ಯಾವ ಉತ್ತರ ಉಳಿಯುತ್ತದೆ, ಯಾವುದು ಡಿಲೀಟ್ ಆಗುತ್ತದೆ ಅಂತ ನಾನು ಬಿಡಿಸಿ ಹೇಳಬೇಕಿಲ್ಲ. ರೆಡಿಟ್‌ನ ಆಸ್ಕ್ ಹಿಸ್ಟೋರಿಯನ್ಸ್ ಗುಂಪಿನಲ್ಲಿ ಒಂದು ಒಳ್ಳೆಯ ಪದ್ಧತಿ ಇದೆ. ಹೆಸರಿನ ಮುಂದೆ ಪರಿಣತರು ಅನ್ನುವ ಗುರುತು ಬೇಕಾದರೆ ಡಿಗ್ರಿ ತೋರಿಸಬೇಕಾಗಿಲ್ಲ. ಆ ವಿಷಯದಲ್ಲಿ ತಾವು ಅಲ್ಲೇ ಹಿಂದೆ ಬರೆದ ಕೆಲವು ಒಳ್ಳೆಯ ಉತ್ತರಗಳನ್ನು ತೋರಿಸಬೇಕು. ಗುರುತು ಸಿಗುವುದೂ ಆ ವಿಷಯಕ್ಕೆ ಮಾತ್ರ. ರೋಮನ್ ಸೈನ್ಯ ಬಲ್ಲವರು ವಿಜಯನಗರದ ಬಗ್ಗೆ ಬರೆದರೆ ಆ ಗುರುತಿನಿಂದ ಏನೂ ಲಾಭ ಇಲ್ಲ. ನಮ್ಮ ಕೃಷಿ ಗುಂಪುಗಳಿಗೆ ಇದನ್ನು ಹಾಗೆಯೇ ಎತ್ತಿಕೊಳ್ಳಬಹುದು, ದುಡ್ಡು ಖರ್ಚಿಲ್ಲ.

ಕನ್ನಡ ವಿಕಿಪೀಡಿಯ 2003ರಲ್ಲಿ ಶುರುವಾದದ್ದು. ಅಲ್ಲಿ ಎಲ್ಲರೂ ಕೂತು ಮಾತಾಡುವ ಪುಟಕ್ಕೆ ಅರಳಿ ಕಟ್ಟೆ ಅಂತ ಹೆಸರು. 2010ರ ಆಸುಪಾಸಿನಲ್ಲಿ ಗೂಗಲ್ ತನ್ನ ಅನುವಾದದ ಉಪಕರಣ ಬಳಸಿ, ಅನುವಾದಕರಿಗೆ ದುಡ್ಡು ಕೊಟ್ಟು, ಕನ್ನಡ, ತಮಿಳು, ತೆಲುಗು, ಬಂಗಾಳಿ ವಿಕಿಪೀಡಿಯಗಳಿಗೆ ರಾಶಿ ರಾಶಿ ಲೇಖನ ಹಾಕಿಸಿತು. ಅನುವಾದಕರು ಒಂದು ಅರ್ಥದಲ್ಲಿ ತಜ್ಞರೇ, ಸಂಬಳಕ್ಕೆ ಕೆಲಸ ಮಾಡಿದವರು. ಓದಲು ಹೋದರೆ ಕನ್ನಡ ಅಕ್ಷರದಲ್ಲಿ ಇಂಗ್ಲಿಷ್ ಓದಿದ ಹಾಗಿರುತ್ತಿತ್ತು. ಬಂಗಾಳಿಗಳು ನಮಗೆ ಬೇಡ ಅಂದರು, ತಮಿಳರು ಗೂಗಲ್ ಜೊತೆ ಕೂತು ಷರತ್ತು ಹಾಕಿದರು. ಸಕ್ರಿಯ ಅಡ್ಮಿನ್‌ಗಳು ಎಷ್ಟು ಜನ ಇದ್ದಾರೆ, ಅವರಿಗೆ ಬೇಡ ಅನ್ನುವ ಧೈರ್ಯ ಎಷ್ಟಿದೆ ಅನ್ನುವುದು ಇಂಥ ಹೊತ್ತಿನಲ್ಲೇ ಗೊತ್ತಾಗುವುದು.

ಈಗ ಅಂಥ ಲೇಖನ ತಯಾರಿಸಲು ಗೂಗಲ್ ದುಡ್ಡು ಕೊಡುವುದೂ ಬೇಕಿಲ್ಲ. ಎಐಗೆ ಹೇಳಿದರೆ ನಿಮಿಷಕ್ಕೊಂದು ಬರುತ್ತದೆ, ವ್ಯಾಕರಣವೂ ಪರವಾಗಿಲ್ಲ, ಕೆಳಗೆ ಇಲ್ಲದ ಪುಸ್ತಕದ ಉಲ್ಲೇಖವೂ ಇರುತ್ತದೆ. ಮುಂದಿನ ಸಲ ಯಾರಾದರೂ ಅರಳಿ ಕಟ್ಟೆಯಲ್ಲೋ ಇನ್ನಾವುದೋ ಗುಂಪಿನಲ್ಲೋ ಅಡ್ಮಿನ್ ಆಗಲು ನಿಂತರೆ ನಾನು ಅವರ ಬಯೋಡೇಟಾ ಕೇಳುವುದಿಲ್ಲ. ಎರಡೇ ಪ್ರಶ್ನೆ: ನಿಮ್ಮ ಸ್ನೇಹಿತರ ವಿರುದ್ಧ ನೀವು ತೀರ್ಮಾನ ಕೊಟ್ಟ ಒಂದು ಚರ್ಚೆಯ ಲಿಂಕ್ ಕೊಡಿ. ಒಂದು ವರ್ಷದ ನಂತರ ಮತ್ತೆ ಮತಕ್ಕೆ ನಿಲ್ಲುತ್ತೀರಾ? ಮೊದಲನೆಯದಕ್ಕೆ ಲಿಂಕ್ ಸಿಕ್ಕಿದರೆ ಎರಡನೆಯದಕ್ಕೆ ಅವರು ಹೂಂ ಅಂದೇ ಅನ್ನುತ್ತಾರೆ ಅಂತ ನನ್ನ ಅಂದಾಜು.